ಹಳೆಯ ಗಣಕಯಂತ್ರದ ಇಕ್ಕಟ್ಟು

ಹಳೆಯ ಡಾಸ್ ಯಂತ್ರದಲ್ಲಿ ಉಳಿದಿರುವ ಅಂಗಡಿಯ ಲೆಕ್ಕಗಳನ್ನು ತೆರೆಯಹೊರಟವರಿಗೆ "ಮೆಮೊರಿ ಸಾಲದು" ಎಂಬ ಉತ್ತರ ಬಂದರೆ ಗಾಬರಿಯಾಗುವುದು ಸಹಜ. ಯಂತ್ರದಲ್ಲಿ ನಾಲ್ಕು ಎಂಬಿ ಇದ್ದರೂ ಹೀಗೇಕೆ? 1981ರ ಐಬಿಎಂ ಪಿಸಿಯ 8088 ಪ್ರೊಸೆಸರ್ 1024 ಕೆಬಿಯಾಚೆ ಕಾಣಲಾರದು. ಅದರಲ್ಲಿಯೂ ಮೇಲಿನ 384 ಕೆಬಿ ಪರದೆ ಮೊದಲಾದವುಗಳಿಗೆ ಮೀಸಲು. ಉಳಿದ 640 ಕೆಬಿಯಲ್ಲಿಯೇ ಡಾಸ್, ಮೌಸಿನ ಡ್ರೈವರ್, ಲೆಕ್ಕದ ಪ್ರೋಗ್ರಾಮ್ ಎಲ್ಲವೂ ಒಗ್ಗಿಕೊಳ್ಳಬೇಕು. ಯಂತ್ರಗಳು ಬೆಳೆದರೂ ಡಾಸ್ ಈ ಕಟ್ಟಳೆಯನ್ನು ಬಿಡಲಿಲ್ಲ. ನಮಗಿದು ಅತಿಯಾದ ನಿಷ್ಠೆಯೆಂದೇ ತೋರುತ್ತದೆ.

1991ರ ಡಾಸ್ 5ರಲ್ಲಿ 'ಮೆಮ್ /ಸಿ' ಎಂದು ಬೆರಳಚ್ಚಿಸಿದರೆ ಯಾವುದು ಎಷ್ಟು ಜಾಗ ಹಿಡಿದಿದೆಯೆಂದು ಕಾಣುತ್ತದೆ. 286 ಅಥವಾ ಅನಂತರದ ಯಂತ್ರವಾದರೆ, 'ಕಾನ್ಫಿಗ್.ಸಿಸ್' ಕಡತದಲ್ಲಿ 'ಹೈಮೆಮ್.ಸಿಸ್' ಸಾಲಿನ ಕೆಳಗೆ 'ಡಾಸ್=ಹೈ' ಎಂದು ಸೇರಿಸಿರಿ; ಡಾಸಿನ ಬಹುಭಾಗ ಮೇಲಕ್ಕೇರಿ ಲೆಕ್ಕಕ್ಕೆ ಎಡೆ ದೊರೆಯುತ್ತದೆ. ಅದಕ್ಕೆ ಮುನ್ನ ಆ ಕಡತವನ್ನೂ ಲೆಕ್ಕಗಳನ್ನೂ ಫ್ಲಾಪಿಗೆ ನಕಲಿಸಿಕೊಳ್ಳಿರಿ.