ಸರೋವರ ಸೀಮೆಯ ತುಂಡು ದಾರಿಗಳನ್ನು ಕೂಡಿಸಿ

ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನ ಪ್ರಾಧಿಕಾರದ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ವಸಂತದ ಒಂದು ಭಾನುವಾರ ನಾನೂ ನನ್ನ ಹತ್ತು ವರ್ಷದ ಮಗಳೂ ವಿಂಡರ್‌ಮಿಯರ್ ಸರೋವರದ ಪಶ್ಚಿಮ ದಂಡೆಯಲ್ಲಿ ಸೈಕಲ್ ತುಳಿಯುತ್ತಿದ್ದೆವು. ರೇ ಕ್ಯಾಸಲ್‌ನಿಂದ ದಕ್ಷಿಣಕ್ಕೆ ಸಾಗುವ ಜಲ್ಲಿದಾರಿ ಅದು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಕಾಡು. ಚಕ್ರದಡಿ ಹರಳು ಕರಕರ ಎನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ಸುಮಾರು ಆರು ಕಿಲೋಮೀಟರ್ ಕಳೆಯುವಷ್ಟರಲ್ಲಿ, ಸರೋವರ ದಾಟಿಸುವ ಫೆರಿಯ ರಸ್ತೆ ಬಂತು. ಮರುಗಳಿಗೆಯೇ ಒಂದು ಕಾರು ಮಗಳ ಮೊಣಕೈ ಸವರಿದಂತೆ ಹಾದುಹೋಯಿತು. ಅವಳು ಸೈಕಲ್ ಇಳಿದು ಕಲ್ಲುಗೋಡೆಗೆ ಒತ್ತಿಕೊಂಡು ನಿಂತಳು. “ಅಪ್ಪಾ, ಅಷ್ಟು ಚೆನ್ನಾಗಿದ್ದ ದಾರಿ ಇಲ್ಲಿಗೇ ಯಾಕೆ ಮುಗೀತು?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ನಿಮಗೆ ದಾಟಿಸಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವನು. ಕಾಲು ಎಟುಕದ ವಯಸ್ಸಿನಲ್ಲಿ ಬಾಡಿಗೆ ಸೈಕಲ್ ತಂದು, ಒಳಪೆಡಲು ಹೊಡೆಯುತ್ತಾ, ಗರಸು ರಸ್ತೆಯಲ್ಲಿ ಬಿದ್ದು ಎದ್ದು ಕಲಿತವನು. ಹಲವು ವರ್ಷಗಳಿಂದ ಲ್ಯಾಂಕಾಶೈರ್‌ನಲ್ಲಿ ನೆಲೆಸಿದ್ದೇನೆ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುವುದಕ್ಕೆ ಕಾರಣವಿದೆ. ಶಾಲೆಯಲ್ಲಿ ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ ಪದ್ಯ ಬಾಯಿಪಾಠ ಮಾಡಿದ ನಮ್ಮವರು ಇಂಗ್ಲೆಂಡಿಗೆ ಬಂದರೆ ನಿಮ್ಮ ಸೀಮೆಯನ್ನು ನೋಡದೆ ಹೋಗುವುದಿಲ್ಲ. ಅವರನ್ನು ಕಾರಿನಲ್ಲಿ ತುಂಬಿಕೊಂಡು ಬರುವವರು ನಾವು, ಇಲ್ಲಿ ನೆಲೆಸಿದ ಕನ್ನಡಿಗರು. ವರ್ಷಕ್ಕೆ ಒಂದೂವರೆ ಕೋಟಿಗೂ ಹೆಚ್ಚು ಜನ ಬರುವ ಆ ಕಿರಿದಾದ ಕಣಿವೆಗಳ ವಾಹನ ದಟ್ಟಣೆಯಲ್ಲಿ ನಮ್ಮ ಪಾಲೂ ಇದೆ. ಅಲ್ಲಿ ವಾಸವಾಗಿರುವವರು ಸುಮಾರು 40 ಸಾವಿರ ಮಂದಿ. ಅವರ ಮನೆಬಾಗಿಲಿಗೆ ಹೊಗೆ, ಗದ್ದಲ ತಂದು ಸುರಿಯುವುದು ನಮಗೂ ಸಂತೋಷದ ಮಾತಲ್ಲ.

ಒಳ್ಳೆಯ ದಾರಿಗಳು ನಿಮ್ಮಲ್ಲಿ ಇಲ್ಲವೆಂದಲ್ಲ. ಗ್ರೈಜ್‌ಡೇಲ್ ಮತ್ತು ವಿನ್‌ಲ್ಯಾಟರ್ ಕಾಡುಗಳಲ್ಲಿ ಮೈಲುಗಟ್ಟಲೆ ಜಲ್ಲಿದಾರಿಗಳಿವೆ. ಎನ್ನರ್‌ಡೇಲ್‌ನಲ್ಲಿ ಬೋನೆಸ್ ನಾಟ್ ಎಂಬಲ್ಲಿಗೆ ಸಾರ್ವಜನಿಕರ ಕಾರು ನಿಲ್ಲುತ್ತದೆ. ಅಲ್ಲಿಂದಾಚೆ ಕುರಿಗಾಹಿಗಳ ಹಳೆಯ ಗುಡಿಸಲಾಗಿದ್ದ ಬ್ಲ್ಯಾಕ್ ಸೇಲ್ ಹಾಸ್ಟೆಲಿನವರೆಗೆ ಕಣಿವೆಯುದ್ದಕ್ಕೂ ಲಿಝಾ ನದಿಯ ಸದ್ದೇ ಸದ್ದು. ಇಂಥ ದಾರಿಗೆ ಡಾಂಬರು ಬೇಕಿಲ್ಲ, ಬಿಳಿ ಗೆರೆ, ದೀಪದ ಕಂಬಗಳೂ ಬೇಕಿಲ್ಲ. ಜಲ್ಲಿಯನ್ನು ಗಟ್ಟಿಸಿ, ಮಳೆನೀರು ಹರಿದುಹೋಗಲು ಬದಿಯಲ್ಲಿ ಚರಂಡಿ ತೋಡಿದರೆ ಸಾಕು. ಆದರೆ ಈ ದಾರಿಗಳು ಒಂದಕ್ಕೊಂದು ಕೂಡುವುದಿಲ್ಲ, ರೈಲು ನಿಲ್ದಾಣಗಳನ್ನೂ ಮುಟ್ಟುವುದಿಲ್ಲ. ಹಾಗಾಗಿ ವಾಹನವಿಲ್ಲದ ದಾರಿಯಲ್ಲಿ ಸೈಕಲ್ ಹೊಡೆಯಬೇಕೆಂದರೆ ಮೊದಲು ಆ ಸೈಕಲನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋಗಬೇಕು. ನನ್ನ ಅಹವಾಲಿನ ಮೂಲ ಇಲ್ಲಿದೆ.

ಕೂಡಿಸುವುದು ಸಾಧ್ಯವೆಂದು ನೀವೇ ತೋರಿಸಿದ್ದೀರಿ. ಕೆಸ್ವಿಕ್‌ನಿಂದ ಪೆನ್ರಿತ್‌ಗೆ ಹೋಗುತ್ತಿದ್ದ ರೈಲು 1972ರಲ್ಲಿ ನಿಂತಿತು. ಅದರ ಹಳಿಯಿದ್ದ ಜಾಗದಲ್ಲೇ ಕೆಸ್ವಿಕ್‌ನಿಂದ ಥ್ರೆಲ್ಕೆಲ್ಡ್‌ವರೆಗೆ ಸುಮಾರು ಐದು ಕಿಲೋಮೀಟರ್ ದಾರಿಯಾಯಿತು. 2015ರ ಡಿಸೆಂಬರ್‌ನಲ್ಲಿ ಡೆಸ್ಮಂಡ್ ಬಿರುಗಾಳಿ ಬಂದಾಗ ಹಾನಿಸ್ಟರ್‌ನಲ್ಲಿ 24 ಗಂಟೆಗಳಲ್ಲಿ 341.4 ಮಿಲಿಮೀಟರ್ ಮಳೆ ಸುರಿಯಿತು. ಆಗುಂಬೆಯ ಮಗ್ಗುಲಲ್ಲಿ ಬೆಳೆದ ನನಗೆ ಅಂಥ ಮಳೆಯ ಹೊಡೆತ ಏನೆಂದು ಗೊತ್ತು. ದಾರಿಯ ಪಕ್ಕದ ಗ್ರೀಟಾ ನದಿ ಉಕ್ಕಿ ಎರಡು ಸೇತುವೆಗಳನ್ನೂ ದಾರಿಯ ಒಂದಷ್ಟು ಭಾಗವನ್ನೂ ಕೊಚ್ಚಿಕೊಂಡು ಹೋಯಿತು. ನೀವು ಕೈಚೆಲ್ಲಲಿಲ್ಲ. ಸುಮಾರು 80 ಲಕ್ಷ ಪೌಂಡ್ ಹೊಂದಿಸಿ, ಹೆದ್ದಾರಿ ಕಟ್ಟುವಾಗ ಹೂತುಹೋಗಿದ್ದ ಹಳೆಯ ರೈಲು ಸುರಂಗವನ್ನೂ ಅಗೆದು ತೆರೆದು, 2020ರ ಡಿಸೆಂಬರ್‌ನಲ್ಲಿ ದಾರಿಯನ್ನು ಜನರಿಗೆ ಮರಳಿ ಕೊಟ್ಟಿರಿ.

ಆ ದಾರಿಗೆ ಡಾಂಬರು ಹಾಕಿದ್ದಕ್ಕೆ ಹಲವರು ಸಿಟ್ಟಾದರು. ಹಳೆಯ ಜಲ್ಲಿದಾರಿಯ ಸೊಗಸು ಹೋಯಿತೆಂಬ ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಅದೇ ದಾರಿಯಲ್ಲಿ ನನ್ನ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ತಳ್ಳಿದ್ದೇನೆ. ಸೇತುವೆಯ ಮೇಲೆ ನಿಲ್ಲಿಸಿದಾಗ ಅವರು ಕೆಳಗೆ ನೋಡಿ, “ಥೇಟ್ ನಮ್ಮ ತುಂಗೆಯ ಹಾಗೇ ಕಲ್ಲಿನ ಮೇಲೆ ಹರೀತಾಳೆ ಕಣೋ” ಎಂದರು. ಊರಿಗೆ ಹತ್ತಿರವಾಗಿ, ಸಮತಟ್ಟಾಗಿ, ಮುದುಕರು ಮಕ್ಕಳು ಓಡಾಡುವ ಕಡೆ ನುಣುಪು ದಾರಿ ಇರಲಿ. ಕಾಡಿನೊಳಗೆ, ಗುಡ್ಡದ ತಪ್ಪಲಲ್ಲಿ ಜಲ್ಲಿಯೇ ಇರಲಿ. ಎರಡಕ್ಕೂ ಜಾಗವಿದೆ. ಜಗಳ ಇರಬೇಕಾದದ್ದು ಮೇಲ್ಮೈಯ ಬಗ್ಗೆ ಅಲ್ಲ, ದಾರಿ ಥ್ರೆಲ್ಕೆಲ್ಡ್‌ನಲ್ಲಿ ಮುಗಿದುಹೋಗುವುದರ ಬಗ್ಗೆ. ಪೆನ್ರಿತ್‌ಗೆ ಇಂದಿಗೂ ರೈಲು ಬರುತ್ತದೆ. ಅಲ್ಲಿಂದ ಕೆಸ್ವಿಕ್‌ವರೆಗೆ ಹಳೆಯ ಹಳಿಯ ಜಾಡನ್ನು ಕೂಡಿಸಿದರೆ, ಲಂಡನ್ನಿನಲ್ಲಿ ರೈಲು ಹತ್ತಿದವನೂ ಕಾರಿನ ಮುಖ ನೋಡದೆ ಸರೋವರ ಮುಟ್ಟಬಹುದು.

ಇನ್ನೊಂದು ಮಾತು ಹೇಳಲೇಬೇಕು. ಟಿಲ್ಬರ್‌ತ್ವೇಟ್ ಮತ್ತು ಆಕ್ಸನ್ ಫೆಲ್‌ನ ಜಲ್ಲಿದಾರಿಗಳಲ್ಲಿ ಜೀಪು, ಮೋಟಾರ್ ಬೈಕುಗಳು ಮೋಜಿಗಾಗಿ ಏರಿಬರುತ್ತವೆ. ಅವುಗಳನ್ನು ತಡೆಯಬೇಕೆಂದು ರೈತರು, ನಡೆದಾಡುವವರು ಕೇಳಿದರು. 2019ರಲ್ಲಿ ನಿಮ್ಮ ಸಮಿತಿ ನಿಷೇಧ ಬೇಡವೆಂದಿತು. ಮರುವರ್ಷ ಹೈಕೋರ್ಟ್ ಆ ತೀರ್ಮಾನ ಕಾನೂನುಬದ್ಧವೆಂದಿತು. ನ್ಯಾಯಾಲಯದ ಮಾತಿಗೆ ನಾನು ತಲೆಬಾಗುತ್ತೇನೆ. ಆದರೆ ಕಾನೂನು ಬಿಡುತ್ತದೆ ಎಂಬ ಮಾತ್ರಕ್ಕೆ ಅದು ಸರಿಯಾದ ಆಯ್ಕೆಯೇನೂ ಆಗುವುದಿಲ್ಲ. ಭಾರದ ಚಕ್ರಗಳು ಜಲ್ಲಿಯನ್ನು ಬದಿಗೆ ಎತ್ತಿ ಹಾಕುತ್ತವೆ, ಹಳ್ಳ ಬೀಳುತ್ತದೆ, ಹಳ್ಳದಲ್ಲಿ ನೀರು ಹರಿದು ದಾರಿಯೇ ತೊರೆಯಾಗುತ್ತದೆ. ಆಮೇಲೆ ಅಲ್ಲಿ ಮಗು ಸೈಕಲ್ ಹೊಡೆಯಲಾರದು, ರೈತ ಕುರಿ ಹೊಡೆದುಕೊಂಡು ಹೋಗಲಾರ. ಡಾಂಬರಿಲ್ಲದ ದಾರಿಗಳಲ್ಲಿ ಮೋಟಾರು ವಾಹನಗಳನ್ನು ನಿರ್ಬಂಧಿಸುವ ಅಧಿಕಾರವನ್ನು ಸಂಸತ್ತು ನಿಮ್ಮ ಕೈಗೆ ಕೊಟ್ಟಿದೆ. ಅಲ್ಲೇ ಉಳುಮೆ, ಕುರಿಸಾಕಣೆ ಮಾಡುವವರ ವಾಹನಗಳಿಗೆ ವಿನಾಯಿತಿ ಇಟ್ಟು ಆ ಅಧಿಕಾರವನ್ನು ಬಳಸಿ.

ಇಂಥ ಗಟ್ಟಿ ನಿರ್ಧಾರ ನಿಮ್ಮ ಪ್ರಾಧಿಕಾರಕ್ಕೆ ಹೊಸದಲ್ಲ. ವಿಂಡರ್‌ಮಿಯರ್ ಇಂಗ್ಲೆಂಡಿನ ಅತಿ ದೊಡ್ಡ ಸರೋವರ. ಅದರ ಮೇಲೆ ಒಂದು ಕಾಲಕ್ಕೆ ವೇಗದ ಮೋಟಾರ್ ದೋಣಿಗಳು ಅಬ್ಬರಿಸುತ್ತಿದ್ದವು. ವೇಗಕ್ಕೆ ಗಂಟೆಗೆ 10 ನಾಟಿಕಲ್ ಮೈಲಿಯ ಮಿತಿ ಹಾಕಲು ಹೊರಟಾಗ ವ್ಯಾಪಾರ ಮುಳುಗುತ್ತದೆಂದು ದೊಡ್ಡ ವಿರೋಧ ಬಂತು, ದೀರ್ಘ ವಿಚಾರಣೆ ನಡೆಯಿತು. ನೀವು ಹಿಂದೆ ಸರಿಯಲಿಲ್ಲ. 2005ರಿಂದ ಆ ಮಿತಿ ಜಾರಿಯಲ್ಲಿದೆ. ಆ ಭಾನುವಾರ ಮಗಳೂ ನಾನೂ ದಂಡೆಯಲ್ಲಿ ಕೇಳಿದ ನಿಶ್ಶಬ್ದದ ಹಿಂದೆ ಆ ನಿರ್ಧಾರವಿದೆ. ನೀರಿಗೆ ತಂದ ನೆಮ್ಮದಿಯನ್ನು ನೆಲಕ್ಕೂ ತನ್ನಿ ಎಂದಷ್ಟೇ ಕೇಳುತ್ತಿದ್ದೇನೆ.

ರಸ್ತೆಗಳು ನಿಮ್ಮ ಸ್ವತ್ತಲ್ಲ, ಕೌನ್ಸಿಲ್‌ಗಳಿಗೆ ಸೇರಿದವು ಎಂದು ಬಲ್ಲೆ. ಭೂಮಿ ನ್ಯಾಷನಲ್ ಟ್ರಸ್ಟ್, ಅರಣ್ಯ ಇಲಾಖೆ, ಖಾಸಗಿ ರೈತರ ನಡುವೆ ಹಂಚಿಹೋಗಿದೆ ಎಂದೂ ಬಲ್ಲೆ. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು. ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಬಲ್ಲವರು ನೀವೇ. ಕುದುರೆದಾರಿಗಳಲ್ಲಿ ಸೈಕಲ್ ಓಡಿಸುವ ಹಕ್ಕನ್ನು 1968ರ ಕಾಯಿದೆ ಕೊಟ್ಟಿತು, ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕೆಂಬ ಕರ್ತವ್ಯವನ್ನೂ ಅದರ ಜೊತೆಗೇ ಕಟ್ಟಿತು. ಆ ಕರ್ತವ್ಯವನ್ನು ನಾವು ಸೈಕಲಿನವರು ಪಾಲಿಸಬೇಕು. ಗಂಟೆ ಬಾರಿಸಿ, ವೇಗ ತಗ್ಗಿಸಿ, ಬೇಕಾದಲ್ಲಿ ಇಳಿದು ನಿಲ್ಲಬೇಕು. ಊರಿನಿಂದ ಬರುವ ಬಂಧುಗಳನ್ನು ರೈಲಿನಲ್ಲಿ ಕರೆತರುವ ಜವಾಬ್ದಾರಿ ನಮ್ಮ ಕನ್ನಡಿಗರದೂ ಹೌದು.

ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಿ ಎನ್ನುವುದಿಲ್ಲ. ಒಂದೇ ಒಂದು ಕೊಂಡಿಯಿಂದ ಶುರು ಮಾಡಿ. ವಿಂಡರ್‌ಮಿಯರ್‌ಗೆ 1847ರಿಂದ ರೈಲು ಬರುತ್ತಿದೆ. ನಿಲ್ದಾಣದಿಂದ ಫೆರಿಯ ಕಟ್ಟೆಗೆ ಕೆಲವೇ ಕಿಲೋಮೀಟರ್. ಆ ಕೆಲವೇ ಕಿಲೋಮೀಟರನ್ನು ಮಗುವೊಂದು ಹೆದರದೆ ತುಳಿಯುವಂತೆ ಮಾಡಿ. ಫೆರಿ ಸೈಕಲ್‌ಗಳನ್ನು ಆಚೆ ದಡಕ್ಕೆ ದಾಟಿಸುತ್ತದೆ, ದಂಡೆಯ ಜಲ್ಲಿದಾರಿ ಅಲ್ಲಿ ಈಗಾಗಲೇ ಕಾದಿದೆ. ಮುಂದಿನ ವಸಂತಕ್ಕೆ ನಾವು ಕಾರು ಮನೆಯಲ್ಲೇ ಬಿಟ್ಟು ಸೈಕಲ್ ಹಿಡಿದು ರೈಲಿನಲ್ಲಿ ಬರುತ್ತೇವೆ. ದಯವಿಟ್ಟು ದಾರಿ ಮಾಡಿಕೊಡಿ.

ಇತಿ ನಿಮ್ಮ ವಿಶ್ವಾಸಿ,
ಲ್ಯಾಂಕಾಶೈರ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ