ಎಂಜಲಿನಲ್ಲಿರುವ ಪಾರ್ಸೆಲ್

ನಮ್ಮ ಜೀವಕೋಶಗಳು ಸದಾ ಪುಟ್ಟ ಪಾರ್ಸೆಲ್ ಹೊರಗೆ ಕಳಿಸ್ತಾ ಇರ್ತವೆ. ಅವೇ ಎಕ್ಸೋಸೋಮ್. ಅಳತೆ ಸುಮಾರು 30ರಿಂದ 150 ನ್ಯಾನೋಮೀಟರ್. ಒಳಗೆ ಪ್ರೋಟೀನ್, ಆರ್‌ಎನ್‌ಎ. ಮೊದಲು ಇದನ್ನ ಕೋಶದ ಕಸ ಅಂದುಕೊಂಡಿದ್ರು. ನಮ್ಮ ಆಫೀಸ್ ಭಾಷೆಯಲ್ಲಿ ಇದು ಲಾಗ್ ಫೈಲ್: ಕಳಿಸಿದ ಕೋಶ ಹೇಗಿದೆ ಅನ್ನೋ ಸುಳಿವು ಅದರಲ್ಲಿರುತ್ತೆ. ಬಾಯಿ ಕ್ಯಾನ್ಸರ್ ಕೋಶಗಳ ಪಾರ್ಸೆಲ್ ಎಂಜಲಿನಲ್ಲೂ ಸಿಗುತ್ತೆ. ಅದನ್ನೇ ಓದಿ ರೋಗ ಹಿಡಿಯೋಕೆ, ಅದರಲ್ಲೇ ಔಷಧಿ ತುಂಬಿ ಗಡ್ಡೆಗೆ ಮುಟ್ಟಿಸೋಕೆ ಸಂಶೋಧನೆ ನಡೀತಿದೆ.

ಇಷ್ಟು ಹೇಳಿದ್ದೇ ತಡ, ಕಿನ್ನರದ ನಮ್ಮ ಮಾವ, "ಹಂಗಾರೆ ಎಂಜಲು ಟೆಸ್ಟೇ ಬರಲಿ ತಮ್ಮಾ. ಈಗ ಕತ್ತರಿ ತಾಗಿಸಿದ್ರೆ ಹಬ್ಬುತ್ತದಂತೆ" ಅಂದ್ರು. ಊಟವಾದ ಮೇಲೆ ಕವಳ ತಪ್ಪಿಸಿದವರಲ್ಲ. ಕೆನ್ನೆಯೊಳಗೆ ಬಿಳಿ ಕಲೆ ಕಾಣಿಸಿ ಮೂರು ತಿಂಗಳಾಯ್ತು.

ಬಯಾಪ್ಸಿ ಮಾಡಿದ್ರೆ ಕ್ಯಾನ್ಸರ್ ಹಬ್ಬುತ್ತೆ ಅನ್ನೋದು ಬರೀ ಹೆದರಿಕೆ. ಎಂಜಲು ಟೆಸ್ಟ್ ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ, ಖಚಿತ ಉತ್ತರ ಇವತ್ತಿಗೂ ಬಯಾಪ್ಸಿಯದ್ದೇ. ಅಡಿಕೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಅನ್ನ, ಹೇಳೋಕೆ ಸಂಕಟ. ಆದ್ರೂ ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಬಾಯಿ ಪೂರ್ತಿ ತೆರೆಯೋಕಾಗದಿರೋದು ಇದ್ರೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿ. ಅಂಕೋಲಾದವರಾದ್ರೆ, ಮೊದಲು ಹತ್ತಿರದ ಹಲ್ಲಿನ ಡಾಕ್ಟರಾದ್ರೂ ಸರಿ.