ಅಕ್ಕಿಯೋ, ಹಣವೋ? ಮನೆಮನೆಗೆ ಹೋಗಿ ಕೇಳಿದ ವಿದ್ಯಾರ್ಥಿಗಳು

ಬಡ ಕುಟುಂಬಗಳಿಗೆ ಅಕ್ಕಿ ಕೊಡಬೇಕೆ, ಅಥವಾ ಅದರ ಬದಲು ಹಣ ಕೊಡಬೇಕೆ ಎಂಬ ಚರ್ಚೆ ನಮ್ಮ ರಾಜ್ಯದಲ್ಲಿ ಈಚಿನ ವರ್ಷಗಳಲ್ಲಿ ಜೋರಾಗಿಯೇ ನಡೆದಿದೆ. ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಗೆ ದಾಸ್ತಾನು ಸಿಗದಿದ್ದಾಗ ಸರ್ಕಾರವು 2023ರ ಜುಲೈನಿಂದ ಕೆ.ಜಿ.ಗೆ 34 ರೂ.ನಂತೆ, ಒಬ್ಬರಿಗೆ ತಿಂಗಳಿಗೆ 170 ರೂ. ಬ್ಯಾಂಕ್ ಖಾತೆಗೆ ಹಾಕಿತು. 2025ರ ಫೆಬ್ರವರಿಯಿಂದ ಹಣದ ಬದಲು ಮತ್ತೆ ಅಕ್ಕಿ ಕೊಡಲು ತೀರ್ಮಾನಿಸಿತು.

ಯಾವುದು ಮೇಲು ಎಂಬುದನ್ನು ಪಡೆಯುವವರನ್ನೇ ಕೇಳುವ ಕೆಲಸ 2011ರ ಬೇಸಿಗೆಯಲ್ಲಿ ನಡೆದಿತ್ತು. ಅರ್ಥಶಾಸ್ತ್ರಜ್ಞರಾದ ಜ್ಯಾಂ ದ್ರೆಜ್ ಮತ್ತು ರೀತಿಕಾ ಖೇರಾ ಅವರ ಮಾರ್ಗದರ್ಶನದಲ್ಲಿ ಕಾಲೇಜು ವಿದ್ಯಾರ್ಥಿಗಳು ಒಂಬತ್ತು ರಾಜ್ಯಗಳ 100ಕ್ಕೂ ಹೆಚ್ಚು ಹಳ್ಳಿಗಳಿಗೆ ಹೋಗಿ, ಸುಮಾರು 1,200 ಬಡ ಕುಟುಂಬಗಳನ್ನು ಮಾತನಾಡಿಸಿದರು. ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ. ನೆರೆಯ ಆಂಧ್ರ, ತಮಿಳುನಾಡು ಇದ್ದವು.

ಪಡಿತರವೆಲ್ಲ ಕಾಳಸಂತೆಗೆ ಹೋಗುತ್ತದೆ ಎಂಬ ಮಾತು ಆಗ ಸಾಮಾನ್ಯವಾಗಿತ್ತು. ಆದರೆ ಈ ಕುಟುಂಬಗಳು ತಮಗೆ ಸಲ್ಲಬೇಕಾದ ಧಾನ್ಯದಲ್ಲಿ ಸರಾಸರಿ ನೂರಕ್ಕೆ 80 ಪಾಲಿಗಿಂತ ಹೆಚ್ಚನ್ನು ಪಡೆಯುತ್ತಿದ್ದವು. ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಧಾನ್ಯವೇ ಬೇಕೆಂದರು. ಹಣ ಬೇರೆ ಖರ್ಚಿಗೆ ಕರಗುತ್ತದೆ, ಬ್ಯಾಂಕ್ ದೂರ, ಪೇಟೆ ದೂರ, ಬೆಲೆ ಏರಿದರೆ ಅದೇ ಹಣಕ್ಕೆ ಅಷ್ಟು ಅಕ್ಕಿ ಬರುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಕೊನೆಯ ಮಾತಿನ ಸತ್ಯ ದಿನಸಿ ವ್ಯಾಪಾರ ಬಲ್ಲ ಯಾರಿಗೂ ಗೊತ್ತು.

ಬಿಹಾರದ ಉತ್ತರ ಮಾತ್ರ ಬೇರೆ. ಅಲ್ಲಿ ನ್ಯಾಯಬೆಲೆ ಅಂಗಡಿಗಳು ಸರಿಯಾಗಿ ನಡೆಯುತ್ತಿರಲಿಲ್ಲ, ಆದ್ದರಿಂದ ಹಣವೇ ವಾಸಿ ಎಂದವರು ಹೆಚ್ಚು. ಅಂದರೆ ಅಂಗಡಿ ನಂಬಿಕಸ್ಥವಾಗಿದ್ದಲ್ಲಿ ಜನ ಧಾನ್ಯ ಕೇಳುತ್ತಾರೆ, ಇಲ್ಲದ ಕಡೆ ಹಣ ಕೇಳುತ್ತಾರೆ. ಈ ವ್ಯತ್ಯಾಸ ರಾಜಧಾನಿಯ ಕಡತಗಳಲ್ಲಿ ಕಾಣುವಂಥದ್ದಲ್ಲ.

ಎರಡು ವರ್ಷಗಳ ನಂತರ, 2013ರಲ್ಲಿ, ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಧಾನ್ಯ ಹಕ್ಕಾಯಿತು. ಆ ಮೊದಲಿನ ಚರ್ಚೆಯಲ್ಲಿ ಈ ಸಮೀಕ್ಷೆಯ ಅಂಕಿಗಳು ಮತ್ತೆ ಮತ್ತೆ ಬಂದವು.

ಮನೆಯ ವಿಷಯಕ್ಕೂ ಇದೇ ಕ್ರಮ ಬೇಕು. ಲಾಕ್‌ಡೌನ್‌ನಲ್ಲಿ ವಲಸೆ ಕಾರ್ಮಿಕರು ಊರಿಗೆ ನಡೆದದ್ದನ್ನು ನೋಡಿದ ಮೇಲೆ, ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಕೈಗೆಟಕುವ ಬಾಡಿಗೆ ಮನೆಗಳ ಯೋಜನೆ ತಂದಿತು. ಸರ್ಕಾರಿ ಹಣದಲ್ಲಿ ಕಟ್ಟಿ ಖಾಲಿ ಉಳಿದಿದ್ದ ನಗರದ ಮನೆಗಳನ್ನು ಬಾಡಿಗೆಗೆ ಕೊಡುವುದು ಅದರ ಒಂದು ಭಾಗ. ಬಡವರಿಗಾಗಿ ಕಟ್ಟಿದ ಮನೆ ಖಾಲಿ ಏಕೆ ಉಳಿಯಿತು? ಕೆಲಸದ ಜಾಗಕ್ಕೆ ದೂರವೇ, ನೀರಿಲ್ಲವೇ, ಬಸ್ಸಿಲ್ಲವೇ? ಕಟ್ಟಿದ ಮನೆಗಳ ಲೆಕ್ಕದಲ್ಲಿ ಇದಕ್ಕೆ ಉತ್ತರವಿಲ್ಲ. ಇದನ್ನೂ ಅಲ್ಲಿಯ ಜನರನ್ನೇ ಕೇಳಬೇಕು.

ನಮ್ಮ ಅನೇಕ ಮನೆಗಳಲ್ಲಿ ಪದವಿ ಓದುವ ಮಕ್ಕಳಿದ್ದಾರೆ. ಕಾಲೇಜಿನ ಪ್ರಾಜೆಕ್ಟ್‌ಗೆ ಇಂಟರ್‌ನೆಟ್‌ನಿಂದ ಪುಟ ತುಂಬಿಸುವ ಬದಲು, ತಮ್ಮದೇ ತಾಲ್ಲೂಕಿನ ಐವತ್ತು ಪಡಿತರ ಚೀಟಿದಾರರನ್ನು ಕಂಡು, ಕಳೆದ ತಿಂಗಳು ಎಷ್ಟು ಕೆ.ಜಿ. ಸಿಕ್ಕಿತು, ಖಾತೆಗೆ ಹಣ ಬಂದ ತಿಂಗಳುಗಳಲ್ಲಿ ಅದು ಯಾವುದಕ್ಕೆ ಹೋಯಿತು, ದುಡಿಮೆಯಲ್ಲಿ ಬಾಡಿಗೆಯ ಪಾಲೆಷ್ಟು ಎಂದು ಕೇಳಿ ಬರೆದರೆ ಅದು ನಿಜವಾದ ಓದು. ಆ ವರದಿಯ ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ಆಹಾರ ಇಲಾಖೆಗೂ ಹೋಗಲಿ. ಬಿಸಿಲಲ್ಲಿ ನಾಲ್ಕು ದಿನ ತಿರುಗಲು ಮಕ್ಕಳನ್ನು ಕಳಿಸಿಕೊಡಲು ಹಿರಿಯರು ಹಿಂಜರಿಯಬಾರದು.